‘ವಂಶದ್ದು’ ಅಂದ ಒಂದು ಮಾತು

ಟಿಬಿ ಬಂದವರ ಮನೆಗೆ ಹೋಗಿ ಬರುವುದು ನನ್ನ ಕೆಲಸದ ಒಂದು ಭಾಗ. ಇಷ್ಟು ವರ್ಷದಲ್ಲಿ ನಾನು ಮಾಡಿದ ದೊಡ್ಡ ಎಡವಟ್ಟು ಮದ್ದಿನದ್ದಲ್ಲ, ಬಾಯಿಯದ್ದು.

ಬದಿಯಡ್ಕದಿಂದ ಒಳಗೆ ಹೋದರೆ ಅಡಿಕೆ ತೋಟದ ನಡುವೆ ಒಂದು ಮನೆ. ಅಣ್ಣ, ತಮ್ಮ, ಅಮ್ಮ. ಒಂದೇ ಬಾವಿಯ ನೀರು, ಒಂದೇ ಪಾತ್ರೆಯ ಕುಚ್ಚಲಕ್ಕಿ ಗಂಜಿ. ತಮ್ಮನ ಕಫದಲ್ಲಿ ಟಿಬಿ ಸಿಕ್ಕಿತು. ಅವರ ಚಿಕ್ಕಪ್ಪನಿಗೂ ಹಿಂದೆ ಬಂದಿತ್ತಂತೆ. ಅಣ್ಣ ಅದೇ ಕೋಣೆಯಲ್ಲಿ ಮಲಗುವವರು, ಅವರಿಗೆ ಒಂದು ಕೆಮ್ಮೂ ಇಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ಕೇಳಿದರು: "ಇವನಿಗೆ ಮಾತ್ರ ಯಾಕೆ ಸಿಸ್ಟರ್? ನಾನು ಸರಿ ಊಟ ಹಾಕಲಿಲ್ವಾ?"

ನನಗೆ ಪಾಪ ಅನಿಸಿತು. ಅದೇ ಸಮಯಕ್ಕೆ ಈ ವಿಷಯವನ್ನೇ ಓದುತ್ತಿದ್ದೆ ಬೇರೆ. "ಇದರಲ್ಲಿ ವಂಶದ್ದೂ ಸ್ವಲ್ಪ ಉಂಟಮ್ಮ, ನೀವು ಬೇಜಾರು ಮಾಡ್ಬೇಡಿ" ಅಂದುಬಿಟ್ಟೆ.

ಹೇಳಿದ್ದು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 1988ರಲ್ಲಿ ಬಂತು. ಹೆತ್ತವರಲ್ಲಿ ಒಬ್ಬರು 50 ವರ್ಷದೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಬೇರೆ ಮನೆಯಲ್ಲಿ ಬೆಳೆದ ಆ ಮಗುವೂ ಸೋಂಕಿನಿಂದಲೇ ಸಾಯುವ ಅಪಾಯ ಹತ್ತಿರ ಹತ್ತಿರ ಆರು ಪಟ್ಟು. ಸಾಕಿದವರು ಹಾಗೆ ಸತ್ತಿದ್ದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಅಮ್ಮನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಎಲ್ಲಿ ಸಿಗಬೇಕು, ಅಲ್ವಾ?

ಒಳಗೆ ನಡೆಯುವುದು ಹೀಗೆ. ಟಿಬಿ ರೋಗಾಣುವನ್ನು ನಮ್ಮ ಶ್ವಾಸಕೋಶದ ಕಾವಲು ಕಣ ನುಂಗುತ್ತದೆ. ಆದರೆ ನುಂಗಿದ್ದನ್ನು ಕೊಲ್ಲಲು ಅದಕ್ಕೆ ಇನ್ನೊಂದು ಕಣದಿಂದ ಇಂಟರ್‌ಫೆರಾನ್ ಗಾಮಾ ಅನ್ನುವ ಸುದ್ದಿ ಬರಬೇಕು. ಈ ಸುದ್ದಿ ಕಳಿಸುವ ಅಥವಾ ಕೇಳಿಸಿಕೊಳ್ಳುವ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ, ಅವರಿಗೆ ಟಿಬಿ ತಡೆಯಲು ತೋಳಿಗೆ ಹಾಕುವ ಬಿಸಿಜಿ ಲಸಿಕೆಯಲ್ಲಿರುವ ಬಲಗುಂದಿದ ಜೀವಂತ ರೋಗಾಣುವೇ ಮೈಯೆಲ್ಲ ಹರಡಬಹುದು. ಅಂಥವರು ತೀರಾ ಕಡಿಮೆ. ಟೈಕ್2 ಅನ್ನುವ ಜೀನಿನ ಒಂದು ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಟಿಬಿಯ ಅಪಾಯ ಹೆಚ್ಚು. ಅದು ಯುರೋಪಿನ ಮೂಲದವರಲ್ಲಿ ಸುಮಾರು 600ಕ್ಕೆ ಒಬ್ಬರಲ್ಲಿ ಇದೆ. ಉಳಿದ ನಮ್ಮಂಥವರಲ್ಲಿ ಹತ್ತಾರು ಜೀನ್‌ಗಳದ್ದು ಚೂರು ಚೂರು ಪಾಲು. ರೋಗಾಣು ಒಳಗೆ ಹೊಕ್ಕ ನೂರು ಜನರಲ್ಲಿ ಕಾಯಿಲೆ ಬೀಳುವವರು ಜೀವನದಲ್ಲಿ ಐದೋ ಹತ್ತೋ ಮಂದಿ. ಅದರಲ್ಲೂ ಶುಗರ್, ಬೀಡಿ, ಮೈಯಲ್ಲಿ ಶಕ್ತಿ ಇಲ್ಲದಿರುವುದು, ಎಚ್‌ಐವಿ ಇವುಗಳ ಕೈವಾಡ ಜಾಸ್ತಿ.

ಇಷ್ಟೆಲ್ಲ ನನ್ನ ತಲೆಯಲ್ಲಿತ್ತು. ಅವರ ಕಿವಿಗೆ ಬಿದ್ದದ್ದು ಒಂದೇ ಶಬ್ದ.

ಮುಂದಿನ ಸಲ ಹೋದಾಗ ಅಣ್ಣನಿಗೆ ಕೊಟ್ಟಿದ್ದ ಮುಂಜಾಗ್ರತೆಯ ಗುಳಿಗೆ, ಅದೇ ವಾರಕ್ಕೊಮ್ಮೆಯಂತೆ 12 ವಾರ ನುಂಗುವುದು, ಕ್ಯಾಲೆಂಡರಿನ ಹಿಂದೆ ಹಾಗೇ ಸಿಕ್ಕಿಸಿಟ್ಟಿತ್ತು. "ವಂಶದ್ದು ಅಂದ ಮೇಲೆ ಗುಳಿಗೆಯಲ್ಲಿ ಹೋಗ್ತದಾ ಸಿಸ್ಟರ್?" ಅಮ್ಮ ನನ್ನನ್ನು ಅಂಗಳದ ತುದಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. ದೊಡ್ಡವನಿಗೆ ಒಂದು ಕಡೆಯಿಂದ ಜಾತಕ ಬಂದಿದೆ, ಈ ಮಾತು ಹೊರಗೆ ಹೋಗಬಾರದು. ನನಗೆ ನೆಲ ಬಿರಿದು ನುಂಗಬಾರದಾ ಅನಿಸಿತು.

ಅಲ್ಲೇ ಕೂತು ಮತ್ತೆ ಹೇಳಿದೆ. ಟಿಬಿ ಹುಟ್ಟಿನಿಂದ ಬರುವುದಲ್ಲ, ಗಾಳಿಯಿಂದ ಬರುವುದು. ಹುಟ್ಟಿನಿಂದ ಬರುವುದು ತಡೆಯುವ ಶಕ್ತಿಯ ಹೆಚ್ಚು ಕಡಿಮೆ ಅಷ್ಟೇ. ಕಡಿಮೆ ಇದ್ದರೆ ಗುಳಿಗೆಯ ಅಗತ್ಯ ಇನ್ನೂ ಹೆಚ್ಚು. ಅಣ್ಣ ಸುಮಾರು ಹೊತ್ತು ಸುಮ್ನೆ ಕೂತು, "ತೋಟಕ್ಕೆಲ್ಲ ಒಂದೇ ಬೋರ್ಡೋ ಮದ್ದು ಹೊಡೆದರೂ ಒಂದು ಅಡಿಕೆ ಮರಕ್ಕೆ ಕೊಳೆರೋಗ ಬರ್ತದೆ, ಹಾಗಂತ ಮದ್ದು ಬಿಡುದುಂಟಾ" ಅಂತ ತಮಗೆ ತಾವೇ ಹೇಳಿಕೊಂಡು, ನನ್ನೆದುರೇ ಮೊದಲ ಡೋಸ್ ನುಂಗಿದರು. ಈಗ ನಾನು ಯಾವ ಮನೆಯಲ್ಲೂ ‘ವಂಶ’ ಅನ್ನುವ ಶಬ್ದ ತೆಗೆಯುವುದಿಲ್ಲ.

ಮಾರನೇ ದಿನ ಬೆಳಗ್ಗೆ ಆರಕ್ಕೇ ಅವರ ಫೋನ್. ಆ ಗುಳಿಗೆಗೆ ಮೂತ್ರ ಕೆಂಪಾಗುತ್ತದೆ ಅಂತ ಹೇಳುವುದನ್ನೇ ನಾನು ಮರೆತಿದ್ದೆ.

"ಸಿಸ್ಟರ್, ಮೂತ್ರ ಕೆಂಪು ಉಂಟಲ್ಲ. ಇದೂ ವಂಶದ್ದಾ?"