ಮಳೆಗಾಲಕ್ಕೆ ಮಾತ್ರ ಬರಲ್ಲ, ಅತ್ತೆ

"ಬಂದ್ಬಿಡ್ರೋ, ಇಲ್ಲೇ ನೋಡ್ಕೊಳಣ" ಅಂತ ಸೋಮವಾರಪೇಟೆಯಿಂದ ಅತ್ತೆ ಪ್ರತಿ ಭಾನುವಾರ ಹೇಳ್ತಾರೆ. ನಾವು ಜರ್ಮನಿಗೆ ಬಂದು ನಾಲ್ಕು ವರ್ಷ, ಅದ್ರಲ್ಲಿ ಎರಡು ವರ್ಷದಿಂದ ಇವ್ರಿಗೆ ಡಯಾಲಿಸಿಸ್, ಅಂದ್ರೆ ಮೆಷಿನ್ನಲ್ಲಿ ರಕ್ತ ಶುದ್ಧ ಮಾಡೋದು. ಬಿಪಿ ಇರೋದೇ ಗೊತ್ತಿರ್ಲಿಲ್ಲ, ತಲೆನೋವು ಅಂತ ಮಾತ್ರೆ ನುಂಗ್ಕೊಂಡು ಓಡಾಡ್ತಿದ್ರು, ಗೊತ್ತಾಗೋ ಹೊತ್ತಿಗೆ ಎರಡೂ ಕಿಡ್ನಿ ಹೋಗಿತ್ತು. ಡಾಕ್ಟ್ರು "ನೀರೆ ನೀರೆ" ಅಂತಿದ್ರೆ ನಾನು ನೀರು ಜಾಸ್ತಿ ಕುಡೀಬೇಕೇನೋ ಅನ್ಕೊಂಡೆ. ಅವ್ರ ಭಾಷೇಲಿ ನೀರೆ ಅಂದ್ರೆ ಕಿಡ್ನಿಯಂತೆ, ಈಗ ನೋಡಿದ್ರೆ ನೀರು ಕುಡಿಯೋಕೂ ಲೋಟ ಅಳತೆ.

ಮೊದಲ ಆರು ತಿಂಗಳು ಅತ್ತೆಗೆ ಹೇಳ್ಲೇ ಇಲ್ಲ. ವಿಡಿಯೋ ಕಾಲ್‌ಗೆ ಸೆಕೆಯಲ್ಲೂ ತುಂಬುತೋಳಿನ ಶರ್ಟು. ಎಡಗೈಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದಾರೆ, ಫಿಸ್ಟುಲಾ ಅಂತಾರೆ, ಅಲ್ಲಿಗೇ ಸೂಜಿ ಚುಚ್ಚೋದು. ಅದ್ರ ಮೇಲೆ ಬೆರಳಿಟ್ರೆ ಗುಂಯ್ ಅನ್ನುತ್ತೆ. ನಮ್ಮಪ್ಪ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟಿದ್ರು, ಸಂಜೆ ಮುಚ್ಚಳದ ಮೇಲೆ ಅಂಗೈ ಇಟ್ರೆ ಒಳಗಡೆ ಹೀಗೇ ಗುಂಯ್ಗುಡ್ತಿತ್ತು. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ನಾನು ಆ ಕೈ ಮುಟ್ಟಿ ನೋಡ್ತೀನಿ, ನಿಂತಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಓಡ್ಬೇಕು. ಆ ಕೈಗೆ ವಾಚಿಲ್ಲ, ಬಿಪಿ ಪಟ್ಟಿ ಇಲ್ಲ, ಆ ಮಗ್ಗುಲಲ್ಲಿ ಕೈ ಅದುಮ್ಕೊಂಡು ಮಲಗೋ ಹಾಗೂ ಇಲ್ಲ.

ಊರಿಗೆ ಹೋಗ್ಬಾರ್ದು ಅಂತೇನಿಲ್ಲ ನಂಗೆ. ಆದ್ರೆ ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ಗಂಟೆ ಮೇಲೆ ಮೆಷಿನ್ ಬೇಕೇ ಬೇಕು. ತಪ್ಪಿದ್ರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ, ಪೊಟ್ಯಾಸಿಯಂ ಏರಿ ಹಾರ್ಟೇ ನಿಲ್ಲಬಹುದು. ಇಲ್ಲಿ ಹೋಗ್ಬರೋ ಟ್ಯಾಕ್ಸಿಗೂ ಇನ್ಶೂರೆನ್ಸ್‌ನವ್ರೇ ಕೊಡ್ತಾರೆ. ನಮ್ಮೂರಲ್ಲಿ ಜುಲೈ ತಿಂಗಳು ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಕರೆಂಟ್ ಬರೋಕೆ ನಾಲ್ಕು ದಿನ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ರಸ್ತೆಗಳೇ ಹೋದಾಗ ಅತ್ತೆ ಫೋನು ಸಿಗದೆ ಇವ್ರು ಹುಚ್ಚು ಹಿಡಿದವರ ಥರ ಡಯಲ್ ಮಾಡ್ತಿದ್ದಿದ್ದು ನೆನಪಿದೆ. ಆ ಮಳೇಲಿ ಇವ್ರನ್ನ ಯಾವ ಜೀಪಲ್ಲಿ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?

ಅದಕ್ಕೇ ಜನವರಿಲಿ ಹೋಗಿದ್ವಿ, ಮೈಸೂರಲ್ಲಿ ಮೊದ್ಲೇ ಡಯಾಲಿಸಿಸ್ ಬುಕ್ ಮಾಡಿಸ್ಕೊಂಡು, ರಿಪೋರ್ಟುಗಳ ಕಟ್ಟು ಹೊತ್ಕೊಂಡು. ಹಿತ್ತಲಲ್ಲಿ ಕಿತ್ತಳೆ ಹಣ್ಣಾಗಿತ್ತು. ಇವ್ರು ಒಂದು ಸುಲಿದು, ಪೊಟ್ಯಾಸಿಯಂ ಏರುತ್ತೆ ಅಂತ ಎರಡೇ ತೊಳೆ ಬಾಯಿಗೆ ಹಾಕ್ಕೊಂಡು, ಉಳಿದಿದ್ದು ನನ್ನ ಕೈಗಿಟ್ರು. ಸಿಪ್ಪೆನ ಮಾತ್ರ ಮೂಸ್ತಾ ಮೂಸ್ತಾ ಜಗಲೀಲಿ ಕೂತೇ ಇದ್ರು. ಅತ್ತೆ ನೋಡಿದ್ರು, ಏನೂ ಹೇಳ್ಲಿಲ್ಲ. ಪಕ್ಕ ಕೂತು ಆ ಕೈ ಮೇಲೆ ಕೈ ಇಟ್ರು, ಬೆಚ್ಚಿ ತೆಗೆದ್ರು, ಮತ್ತೆ ಇಟ್ರು.

ಈಗ ಭಾನುವಾರ ಫೋನ್ ಎತ್ತಿದ್ರೆ ಮೊದಲ ಮಾತು "ಗುಂಯ್ ಅಂತಿದ್ಯಾ?" ಹೂಂ ಅತ್ತೆ ಅಂದ್ರೆ ಸಾಕು, ಆಮೇಲೆ ಮಳೆ ಎಷ್ಟು ಇಂಚು ಬಂತು ಅಂತ ಶುರು.