ಚೌಡಿಗೆ ಸುದ್ದಿ ಹೇಳಿ ಬಂದದ್ದು

ನಮ್ಮನೆಯವರು ಅಡಿಕೆ ಮರದಿಂದ ಬಿದ್ದ ಒಂಬತ್ತನೇ ದಿನ ನಾನು ಶಿವಮೊಗ್ಗದಿಂದ ಊರಿಗೆ ಬಂದೆ. ದೇವರಿಗೆ ಅಂತ ಬಂದವಳಲ್ಲ. ಪಾಸ್‌ಬುಕ್ಕು ಬೇಕಿತ್ತು.

2022ರ ಜುಲೈ ಕೊನೆ, ಪುಷ್ಯ ಮಳೆ. ಅಡಿಕೆಗೆ ಮೊದಲ ಸಲ ಕೊಳೆರೋಗದ ಔಷಧಿ ಹೊಡೆದು 40 ದಿನ ದಾಟಿತ್ತು. ಎರಡನೇ ಸುತ್ತು ತಡವಾದರೆ ಹಸಿರು ಕಾಯೆಲ್ಲ ಮರದ ಬುಡದಲ್ಲಿ. ಹೊಡೆಯುವವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ವಾರ ಕಳೆದಿದ್ದ. ಒಂದು ಮಧ್ಯಾಹ್ನ ಸ್ವಲ್ಪ ಹೊಳವಾಯಿತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕದಡಿದವಳು ನಾನೇ. "ನೀವೇ ನಾಲ್ಕು ಮರಕ್ಕೆ ಹೊಡೆದುಬಿಡಿ" ಅಂದವಳೂ ನಾನೇ. ಒದ್ದೆ ಮರ. ಮೂರನೇ ಮರದಲ್ಲಿ ಜಾರಿದರು.

ತಲೆಗೆ ಪೆಟ್ಟು. ಐಸಿಯುನಲ್ಲಿ ಕಣ್ಣು ಬಿಟ್ಟಿರಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತು ನಾನು ಹರಕೆ ಹೊತ್ತಿದ್ದೇ ಹೊತ್ತಿದ್ದು. ಧರ್ಮಸ್ಥಳಕ್ಕೆ ಮುಡಿಪು, ಸಿಗಂದೂರಿಗೆ ಸೀರೆ. ಬೆಳಿಗ್ಗೆ ಕೋಟೆ ಆಂಜನೇಯನ ಗುಡಿಗೆ ಹೋಗಿ ಸುತ್ತು ಬರುತ್ತಿದ್ದೆ. ಸುತ್ತುವಾಗಲೂ ಲೆಕ್ಕವೇ. ಇಷ್ಟು ಕೊಟ್ಟರೆ ಸಾಕಾ, ಇನ್ನೂ ಬೇಕಾ ಅಂತ. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ. ಆದರೆ "ನಾನೇ ಹತ್ತಿಸಿದ್ದು" ಅನ್ನೋ ಮಾತನ್ನು ಮಾತ್ರ ಯಾವ ದೇವರಿಗೂ ಹೇಳಿರಲಿಲ್ಲ.

ಮನೆಗೆ ಬಂದರೆ ಅತ್ತೆ ಕಾಯಿ, ಕುಂಕುಮ ಹಿಡಿದು, ಮಳೆಗೆ ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ನಿಂತಿದ್ದರು. "ಚೌಡಿ ಬನಕ್ಕೆ ಹೋಗಿ ಬರೋಣ ಬಾ."

ನನಗೆ ಸಿಟ್ಟು ಬಂತು. "ಕೇಳಿ ಕೇಳಿ ಸಾಕಾಯ್ತು ಅತ್ತೆ. ನಾನು ಬರಲ್ಲ."

"ಕೇಳೋಕಲ್ಲ ಮಾರಾಯ್ತಿ, ಸುದ್ದಿ ಹೇಳೋಕೆ. ಮನೇಲಿ ಇಷ್ಟು ದೊಡ್ಡದು ಆಗಿದೆ, ಅವಳಿಗೆ ಹೇಳದೆ ಇರೋದಾ?"

ತೋಟ ದಾಟಿ ಏರು ಹತ್ತಬೇಕು. ಕಾಲಿಗೆ ರಕ್ತ ಹೀರುವ ಉಂಬಳ. ಅತ್ತೆ ಮುಂದೆ, ನಾನು ಹಿಂದೆ. ನಮ್ಮ ಚೌಡಿ ದೇವತೆ ಅಂದರೆ ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಮೇಲೆ ಸೂರಿಲ್ಲ. ಮದುವೆಯಾಗಿ ಬಂದಾಗಿನಿಂದ ವರ್ಷಕ್ಕೊಂದು ಸಲ ಕೋಳಿ ಕೊಡುವಾಗ ನೋಡಿದ್ದೇನೆ, ಅಷ್ಟೇ. ಆ ಕಲ್ಲು ಈ ಊರಿನದಲ್ಲ ಅಂತ ಗೊತ್ತಾಗಿದ್ದು ಅವತ್ತು.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅತ್ತೆಗೆ ಆಗ ಎಂಟು ವರ್ಷ. ಅತ್ತೆ, ಮಾವ ಇಬ್ಬರದೂ ಒಂದೇ ಊರು, ಆ ನೀರಲ್ಲಿ ಮುಳುಗಿದ್ದು. ಜನ ಮನೆ ಬಿಚ್ಚಿ ತೊಲೆ, ಹೆಂಚು, ಬಾಗಿಲನ್ನೆಲ್ಲ ಗಾಡಿಗೆ ಹೇರಿದರಂತೆ. ಕೊನೇ ಗಾಡಿಯಲ್ಲಿ ಹುಲ್ಲು ಹಾಸಿ ಈ ಕಲ್ಲನ್ನು ಮಲಗಿಸಿಕೊಂಡು ಬಂದರಂತೆ. ಗಾಡಿ ಕುಲುಕಿದಾಗೆಲ್ಲ ಅಜ್ಜ "ಸ್ವಲ್ಪ ತಡ್ಕೋ ತಾಯೀ" ಅನ್ನುತ್ತಿದ್ದನಂತೆ.

"ಮನೆ ಮುಳುಗಿದ್ದು ನಮ್ದೊಂದೇ ಅಲ್ಲ, ಅವಳದ್ದೂ" ಅಂದರು ಅತ್ತೆ. ಅವಳಿಗೇ ನೀರು ತಡೆಯಲಾಗಲಿಲ್ಲ, ಅಲ್ವಾ? ಒಂಬತ್ತು ದಿನ ನಾನು ಎಲ್ಲ ತಡೆಯಬಲ್ಲ ದೇವರನ್ನೇ ಹುಡುಕುತ್ತಿದ್ದೆ.

ಅತ್ತೆ ಕಾಯಿ ಒಡೆದು ಪಕ್ಕದ ಮನೆಯವಳ ಹತ್ತಿರ ಮಾತಾಡಿದ ಹಾಗೆ ಶುರು ಮಾಡಿದರು. "ನೋಡೇ, ಹುಡುಗ ಮರದಿಂದ ಬಿದ್ದ. ಇನ್ನೂ ಮಾತಿಲ್ಲ. ಇವಳು ಸರಿಯಾಗಿ ಉಂಡಿಲ್ಲ." ಊದುಬತ್ತಿ ಮಳೆಗೆ ಹತ್ತಲೇ ಇಲ್ಲ.

ಆಗ ನನ್ನ ಬಾಯಿಂದ ಬಂತು. "ನಾನೇ ಹತ್ತಿ ಅಂದಿದ್ದು." ಅತ್ತೆ ಪಕ್ಕದಲ್ಲೇ ಇದ್ದಾರೆ ಅನ್ನೋದು ಆಮೇಲೆ ನೆನಪಾಯಿತು. ಆ ಒಂಬತ್ತು ದಿನದಲ್ಲಿ ಮೊದಲ ಸಲ ನನಗೆ ಅಳು ಬಂತು. ಎಷ್ಟು ಹೊತ್ತೋ ಗೊತ್ತಿಲ್ಲ. ಯಾರೋ ಸುಮ್ನೆ ಕೂತು ಪೂರ್ತಿ ಕೇಳಿಸಿಕೊಂಡರು ಅನ್ನಿಸಿತು. ಅತ್ತೆಯನ್ನು ಬಿಟ್ಟು ಇನ್ನೊಬ್ಬರು.

ಅತ್ತೆ ನನ್ನ ಕಾಲಿನ ಉಂಬಳ ಕಿತ್ತು ಎಸೆದರು. "ಕೇಳಿಸ್ತು ಅವಳಿಗೆ. ನಡಿ, ಎರಡು ತುತ್ತು ಉಣ್ಣು."

ಉಂಡೆ. ಆ ರಾತ್ರಿ ಮಲಗಿದೆ ಕೂಡ. ಬೆಳಿಗ್ಗೆ ಮೊದಲ ಬಸ್ಸಿಗೆ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಹೋದರೆ ಇವರು ಹಾಗೇ ಇದ್ದರು. ಕಣ್ಣು ಬಿಟ್ಟದ್ದು ಮತ್ತೆ ನಾಲ್ಕು ದಿನಕ್ಕೆ. ಮನೆಗೆ ಬಂದದ್ದು ಗಣೇಶನ ಹಬ್ಬ ಕಳೆದ ಮೇಲೆ. ಈಗ ಕೋಲು ಹಿಡಿದು ನಡೆಯುತ್ತಾರೆ. ಕೆಲವು ಹೆಸರು ಮರೆಯುತ್ತಾರೆ. ಔಷಧಿಯನ್ನು ಕೆಳಗೇ ನಿಂತು ದೋಟಿಯಲ್ಲಿ ಹೊಡೆಸುತ್ತೇವೆ.

ಬನಕ್ಕೆ ಈಗ ಆಗಾಗ ಹೋಗುತ್ತೇನೆ. 2025ರ ಜುಲೈನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಶುರುವಾದಾಗ ಅತ್ತೆಗೆ ಮಂಡಿನೋವು, ಏರು ಹತ್ತಲು ಆಗಲಿಲ್ಲ. ನನ್ನನ್ನೇ ಕಳಿಸಿದರು. ನಾನು ಕೊಪ್ಪೆ ಹಾಕಿಕೊಂಡು ಹೋಗಿ ಹೇಳಿ ಬಂದೆ: "ನಿನ್ನೂರಿನ ನೀರಿನ ಮೇಲೆ ಸೇತುವೆ ಆಯ್ತಂತೆ ಕಣೇ. ಲಾಂಚಿಗೆ ಕಾಯೋದು ಬೇಡವಂತೆ."