ಹಿಂದಿನ ಬೆಂಚಿನಿಂದ ನೋಡಿದ ಪಾಠ

ನಮ್ಮ ರಾಜ್ಯದಲ್ಲಿ ಪದವೀಧರನೊಬ್ಬ ಸರಕಾರಿ ಶಾಲೆಯ ಶಿಕ್ಷಕನಾಗಬೇಕಾದರೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಬಿ.ಎಡ್. ಪದವಿ ಬೇಕು, ಆರರಿಂದ ಎಂಟನೆಯ ತರಗತಿಗೆ ಕಲಿಸುವುದಾದರೆ ಅದರ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಟಿಇಟಿಯಲ್ಲಿ ಉತ್ತೀರ್ಣನಾಗಿರಬೇಕು, ಅದಾದ ನಂತರ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಯನ್ನು ಎದುರಿಸಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ, ಕುಮಟಾ ಕಡೆಯ ಕಾಲೇಜೊಂದರಲ್ಲಿ ನಾನು ಬಿ.ಎಡ್. ಮುಗಿಸಿದೆ. ನಮ್ಮ ಸೋದರತ್ತೆಯ ಕಾಲದಲ್ಲಿ ಅದು ಒಂದು ವರ್ಷದ ಓದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ನಿಯಮಗಳನ್ನು ಬದಲಿಸಿದ ಮೇಲೆ ಎರಡು ವರ್ಷವಾಯಿತು. ಒಂದು ವರ್ಷದಲ್ಲಿ ಕಲಿಯುವುದನ್ನು ಎರಡು ವರ್ಷ ಎಳೆಯುತ್ತಾರೆ ಎಂದು ಅತ್ತೆ ಈಗಲೂ ಹೇಳುತ್ತಾರೆ. ಪ್ರಬಂಧ, ಚಾರ್ಟು, ದಾಖಲೆ ಪುಸ್ತಕಗಳ ಮಟ್ಟಿಗೆ ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಾದ ಅವಧಿಯ ದೊಡ್ಡ ಪಾಲು ಶಾಲಾ ಇಂಟರ್ನ್‌ಶಿಪ್‌ಗೆ ಸಂದಿದೆ. ಎರಡನೆಯ ವರ್ಷದಲ್ಲಿ 16 ವಾರ ಶಾಲೆಯಲ್ಲಿ ಇರಬೇಕಾಗುತ್ತದೆ. ಆ ವಾರಗಳಲ್ಲಿ ನನಗೆ ಹೆಚ್ಚು ದಕ್ಕಿದ್ದು ನಾನು ಕಲಿಸಿದ ಪಾಠಗಳಿಂದಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತು ಇನ್ನೊಬ್ಬರ ಪಾಠ ನೋಡಿದ್ದರಿಂದ.

ಸಹಪಾಠಿಯ ಪಾಠವನ್ನು ವೀಕ್ಷಿಸಿ ನಮೂನೆ ತುಂಬುವುದನ್ನು ನಮ್ಮಲ್ಲಿ ಹೆಚ್ಚಿನವರು ಬಿಡುವಿನ ಹೊತ್ತೆಂದೇ ಎಣಿಸಿದ್ದೆವು. ನಮೂನೆಯಲ್ಲಿ ಪೀಠಿಕೆ, ಪ್ರಶ್ನೆಗಳು, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಪುನರ್ಬಲನ, ಮುಕ್ತಾಯ ಎಂಬ ಸಾಲುಗಳಿದ್ದವು. ಪ್ರತಿಯೊಂದಕ್ಕೂ ಐದರೊಳಗೆ ಒಂದು ಅಂಕ ಕೊಡಬೇಕಿತ್ತು. ಗೆಳೆಯರಿಗೆ ನಾಲ್ಕಕ್ಕಿಂತ ಕಡಿಮೆ ಕೊಡುವ ರೂಢಿ ಇರಲಿಲ್ಲ. ಸೂಕ್ಷ್ಮ ಬೋಧನೆಯ ದಿನಗಳಿಂದ ಬಂದ ಅಭ್ಯಾಸ ಅದು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಒಂದೇ ಕೌಶಲವನ್ನು ಆರೇಳು ನಿಮಿಷಗಳ ಪುಟ್ಟ ಪಾಠದಲ್ಲಿ ಅಭ್ಯಾಸ ಮಾಡಿ, ಹಿಮ್ಮಾಹಿತಿ ಪಡೆದು, ಮತ್ತೆ ಯೋಜಿಸಿ, ಮತ್ತೆ ಕಲಿಸಬೇಕು. ನಮ್ಮಲ್ಲಿ ಅದು ಸಹಪಾಠಿಗಳೇ ಮಕ್ಕಳಂತೆ ನಟಿಸಿ, ಕೇಳಿದ್ದಕ್ಕೆಲ್ಲ ಸರಿಯುತ್ತರ ಹೇಳಿ, ಚೆನ್ನಾಗಿತ್ತು ಎಂದು ಬರೆದುಕೊಡುವಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಮಕ್ಕಳು ಹಾಗೆ ನಟಿಸುವುದಿಲ್ಲ.

ಇಂಟರ್ನ್‌ಶಿಪ್‌ಗೆ ನಮಗೆ ಸಿಕ್ಕಿದ್ದು ಅಘನಾಶಿನಿಯ ಅಳಿವೆಗೆ ಹತ್ತಿರದ ಒಂದು ಪ್ರೌಢಶಾಲೆ. ಮಳೆಗಾಲ, ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದಾಗಲೆಲ್ಲ ನಮ್ಮ ಪಾಠ ಯೋಜನೆಯ ದಿನಾಂಕಗಳು ತಲೆಕೆಳಗಾಗುತ್ತಿದ್ದವು. ನಾನು ಹೇಳಹೊರಟ ದಿನ ರಜೆಯಿರಲಿಲ್ಲ, ಮಳೆಯೇನೋ ಇತ್ತು. ನನ್ನ ಸಹಪಾಠಿ ಒಂಬತ್ತನೆಯ ತರಗತಿಗೆ ವಸ್ತುಗಳ ತೇಲುವಿಕೆ ಮತ್ತು ಸಾಂದ್ರತೆಯ ಪಾಠ ಮಾಡುತ್ತಿದ್ದಳು. ಶಾಲೆಯ ಹಿರಿಯ ವಿಜ್ಞಾನ ಶಿಕ್ಷಕಿ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನಾನು ಕೊನೆಯ ಬೆಂಚಿನಲ್ಲಿ ಇಬ್ಬರು ಹುಡುಗರ ಪಕ್ಕ ಕುಳಿತಿದ್ದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಅವಳ ಮಾತು ಹಿಂದಿನ ಎರಡು ಸಾಲುಗಳಿಗೆ ಅರ್ಧವಷ್ಟೇ ಕೇಳುತ್ತಿತ್ತು ಎಂಬುದು ಹಲಗೆಯ ಮುಂದೆ ನಿಂತ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಹೊಳೆಯಿಂದ ಸಮುದ್ರಕ್ಕೆ ಹೋದ ಹಡಗು ಸ್ವಲ್ಪ ಮೇಲೇಳುತ್ತದೆಯೋ, ಇನ್ನಷ್ಟು ಮುಳುಗುತ್ತದೆಯೋ ಎಂದು ಅವಳು ಕೇಳಿದಳು. ಮುಂದಿನ ಸಾಲಿನಿಂದ ಎರಡೂ ಉತ್ತರಗಳು ಒಟ್ಟಿಗೆ ಬಂದವು. ನನ್ನ ಪಕ್ಕದ ಹುಡುಗ ಕೈ ಎತ್ತಲಿಲ್ಲ. ಪುಸ್ತಕದ ಮೇಲೆ ಗಲ್ಲವೂರಿಕೊಂಡೇ ಪಕ್ಕದವನಿಗೆ, "ಸಮುದ್ರದಲ್ಲಾದ್ರೆ ಮೈ ತಾನಾಗೇ ಏಳ್ತದೆ ಮಾರಾಯ, ಹೊಳೇಲಿ ಕಾಲು ಬಡೀತಾನೇ ಇರ್ಬೇಕು" ಎಂದ. ಅವನ ಮಾತು ಮುಗಿಯುವುದರೊಳಗೆ ಅವಳು ಸರಿಯುತ್ತರವನ್ನು ತಾನೇ ಹೇಳಿ, ಹಲಗೆಯ ಮೇಲೆ ಸಮುದ್ರದ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 1025 ಕಿಲೋಗ್ರಾಂ, ಸಿಹಿನೀರಿನದು 1000 ಎಂದು ಬರೆದಾಗಿತ್ತು. ಹಿಂದಿನ ಬೆಂಚು ಅದನ್ನು ನಕಲು ಮಾಡಿಕೊಂಡಿತು.

ನಮೂನೆಯಲ್ಲಿ ಈ ಹುಡುಗನ ಮಾತನ್ನು ಬರೆಯಲು ಸಾಲೇ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ. ಪಾಠ ಮಾಡುವವನು ಏನು ಮಾಡಿದ ಎಂಬುದನ್ನು ಅಳೆಯಲು ಅಷ್ಟು ಸಾಲುಗಳಿರುವ ಹಾಳೆಯಲ್ಲಿ ಮಗು ಏನೆಂದಿತು ಎಂಬುದಕ್ಕೆ ಒಂದೂ ಇಲ್ಲದಿರುವುದು ವಿಚಿತ್ರ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಅವಧಿ ಮುಗಿದ ಮೇಲೆ ಶಿಕ್ಷಕರ ಕೊಠಡಿಯಲ್ಲಿ ಹಿರಿಯ ಶಿಕ್ಷಕಿ ಅವಳಿಗೆ ಹೇಳಿದರು: "ಪ್ರಶ್ನೆ ಒಳ್ಳೇದೇ ಕೇಳ್ದೆ ತಂಗಿ. ಆದ್ರೆ ಮಕ್ಕಳಿಗೆ ಬಾಯಿ ತೆರೆಯೂಕೂ ಬಿಡ್ಲಿಲ್ಲ ನೋಡು." ಅವಳು ನೊಂದುಕೊಳ್ಳಲಿಲ್ಲ, ವೀಕ್ಷಕರು ಕುಳಿತಿರುವಾಗ ತರಗತಿ ಮೌನವಾದರೆ ತನಗೆ ಪಾಠ ಬರುವುದಿಲ್ಲವೆಂದು ತಿಳಿದಾರೆಂಬ ಅಂಜಿಕೆ ಇತ್ತು ಎಂದಳು. ಆ ಅಂಜಿಕೆ ನಮ್ಮೆಲ್ಲರಲ್ಲೂ ಇತ್ತು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವು ಓದಿಕೊಂಡೇ ಬಂದಿದ್ದೆವು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ತಾವಾಗಿ ಉತ್ತರಿಸುವವರೂ ಹೆಚ್ಚುತ್ತಾರೆ ಎಂಬುದು ಅದರ ಸಾರ. ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಒಂದು ಪುಟ ಬರೆಯುತ್ತಿದ್ದೆವು. ಆ ಎರಡು ಸೆಕೆಂಡುಗಳಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಮಾತ್ರ ನಾನು ಕಿವಿಯಾರೆ ಕೇಳಿದ್ದು ಅಂದೇ.

ಮರುದಿನ ಅದೇ ತರಗತಿಗೆ ಪಾಠ ಮುಂದುವರಿಸುವ ಸರದಿ ನನ್ನದಾಗಿತ್ತು. ರಾತ್ರಿ ಲೆಕ್ಕ ಹಾಕಿ ನೋಡಿದೆ. ಒಂದು ಅಡಿಯಷ್ಟು ಮುಳುಗಿರುವ ಪಾತಿ ದೋಣಿ ಸಿಹಿನೀರಿನಿಂದ ಉಪ್ಪುನೀರಿಗೆ ಬಂದರೆ ಏಳುವುದು ಮುಕ್ಕಾಲು ಸೆಂಟಿಮೀಟರಿನಷ್ಟು. ಅಲೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮನುಷ್ಯನ ಮೈಯ ಸಾಂದ್ರತೆ ನೀರಿನದಕ್ಕೆ ತೀರ ಹತ್ತಿರ ಇರುವುದರಿಂದ ಅದೇ ಎರಡೂವರೆ ಪ್ರತಿಶತ ಈಜುವವನಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಪಠ್ಯದ ಹಡಗಿಗಿಂತ ಹುಡುಗನ ಉದಾಹರಣೆಯೇ ಆ ತರಗತಿಗೆ ಒಗ್ಗುವಂಥದ್ದಾಗಿತ್ತು.

ನಾನು ಹಲಗೆಯ ಬಳಿ ನಿಲ್ಲದೆ ಹಿಂದಿನ ಸಾಲಿಗೆ ಹೋಗಿ, ಈಜುವುದು ಎಲ್ಲಿ ಸುಲಭ ಎಂದು ಕೇಳಿ ಸುಮ್ಮನಾದೆ. ಹುಡುಗ ಆಗಲೂ ಬಾಯಿ ಬಿಡಲಿಲ್ಲ. ಅವನ ಪಕ್ಕದವನು, "ಇವ ಹೇಳ್ತಾ ಸರ್, ನಿನ್ನೆನೇ ಹೇಳಿದ್ದ" ಎಂದು ಅವನ ಮಾತನ್ನು ತಾನೇ ಒಪ್ಪಿಸಿದ. ಕೂಡಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು, ಅದು ಉಪ್ಪಿನಿಂದಲ್ಲ, ಅಲೆ ಎತ್ತುವುದರಿಂದ ಎಂದು ತಕರಾರು ತೆಗೆದಳು. ನನ್ನ ಪಾಠ ಯೋಜನೆಯಲ್ಲಿ ಇಲ್ಲದ ತಕರಾರು, ಆದರೆ ಬಹಳ ಒಳ್ಳೆಯದು. ದಂಡೆಯಿಂದ ಬಾಟಲಿಯಲ್ಲಿ ತಂದಿದ್ದ ಸಮುದ್ರದ ನೀರಿಗೆ ಹಸಿ ಕೋಳಿಮೊಟ್ಟೆಯೊಂದನ್ನು ಇಳಿಸಿದೆ. ಮೊಟ್ಟೆ ತಳಕ್ಕೆ ಹೋಯಿತು. ಮನೆಯಲ್ಲಿ ಮಾಡಿ ನೋಡಿದ್ದರಿಂದ ನನಗಿದು ಗೊತ್ತಿತ್ತು; ಹುಡುಗಿಗೆ ಗೆದ್ದೆನೆಂಬ ಖುಷಿ. ಮೊಟ್ಟೆಯ ಸಾಂದ್ರತೆ ಸಮುದ್ರದ ನೀರಿಗಿಂತ ಹೆಚ್ಚು, ಅದರಲ್ಲೂ ಮಳೆಗಾಲದಲ್ಲಿ ಹೊಳೆನೀರು ಬೆರೆತು ಅಳಿವೆಯ ಹತ್ತಿರದ ಉಪ್ಪು ತಗ್ಗಿರುತ್ತದೆ. ಅದೇ ನೀರಿಗೆ ಚಮಚ ಚಮಚವಾಗಿ ಉಪ್ಪು ಹಾಕಿ ಕದಡುತ್ತ ಹೋಗಲು ಅವಳನ್ನೇ ಕರೆದೆ. ಮೊಟ್ಟೆ ಮೊದಲು ತಳದಲ್ಲೇ ನೆಟ್ಟಗೆ ನಿಂತಿತು, ಆಮೇಲೆ ಏಳತೊಡಗಿತು. ಪಾತ್ರೆಯಲ್ಲಿ ಅಲೆಯಿರಲಿಲ್ಲ. ಸಾಣಿಕಟ್ಟೆಯ ಉಪ್ಪಿನಾಗರದ ಗದ್ದೆಗಳಲ್ಲಿ ಬಿಸಿಲಿಗೆ ನೀರು ದಟ್ಟವಾಗುತ್ತ ಹೋಗುವುದನ್ನು ಕಂಡಿದ್ದ ಮಕ್ಕಳು, ಅಲ್ಲಾದರೆ ಮೊಟ್ಟೆ ಉಪ್ಪು ಹಾಕದೆಯೇ ತೇಲೀತು ಎಂದರು. ಕಾರವಾರ ಬಂದರಿಗೆ ಬರುವಂಥ ಹಡಗುಗಳ ಹೊರಮೈಮೇಲೆ ಸಿಹಿನೀರಿಗೊಂದು, ಉಪ್ಪುನೀರಿಗೊಂದು ಎಂದು ಬೇರೆ ಬೇರೆ ಗುರುತುಗಳಿರುತ್ತವೆ ಎಂಬುದನ್ನು ಆಗ ಹೇಳಿದೆ. ಯಾವ ಗುರುತು ಮೇಲಿರಬೇಕು ಎಂಬುದನ್ನು ಹೇಳಲಿಲ್ಲ. ಗಂಟೆ ಬಾರಿಸಿದರೂ ಆ ಚರ್ಚೆ ನಿಂತಿರಲಿಲ್ಲ. ಯೋಜನೆಯಲ್ಲಿ ಬರೆದಿದ್ದ ಮುಕ್ತಾಯದ ಹಂತ ಉಳಿದುಹೋದ ಕಾರಣ ಅಂದು ಪಾಠ ನೋಡಲು ಬಂದಿದ್ದ ನಮ್ಮ ಉಪನ್ಯಾಸಕರು ಆ ಸಾಲಿಗೆ ಎರಡು ಅಂಕ ಕೊಟ್ಟರು. ನಮೂನೆಯ ಪ್ರಕಾರ ಅದು ಸರಿಯೇ.

ಟಿಇಟಿಯ ಎರಡನೆಯ ಪತ್ರಿಕೆಯನ್ನು ಆಮೇಲೆ ಬರೆದೆ. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ ಉತ್ತೀರ್ಣರಾಗಲು ಶೇಕಡಾ 60 ಬೇಕು. ಶಿಶು ವಿಕಾಸ ಮತ್ತು ಬೋಧನಶಾಸ್ತ್ರದ 30 ಪ್ರಶ್ನೆಗಳಿಗೆ ಓದಿದ್ದು ನೆರವಾಯಿತು. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ಇದಕ್ಕಿಂತ ಹೆಚ್ಚಿನದನ್ನು ಅಳೆಯಲಾರದು. ಅದಕ್ಕಾಗಿ ಅದನ್ನು ದೂರುವುದರಲ್ಲಿ ಅರ್ಥವಿಲ್ಲ. ಪ್ರಮಾಣಪತ್ರ ಈಗ ಜೀವನಪರ್ಯಂತ ಊರ್ಜಿತ. ನನ್ನದು ಕಪಾಟಿನಲ್ಲಿದೆ, ನೇಮಕಾತಿಯ ಅಧಿಸೂಚನೆಗೆ ಕಾಯುತ್ತಿದ್ದೇನೆ.

ಸದ್ಯ ಅಂಕೋಲಾ ತಾಲೂಕಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೇನೆ. ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಪಾಠದ ಹಿಂದೆ ಯಾರೂ ಕೂರುತ್ತಿರಲಿಲ್ಲ, ಬೇರೆಯವರ ಪಾಠದ ಹಿಂದೆ ನಾನೂ ಕೂರುತ್ತಿರಲಿಲ್ಲ. ಕಲಿಯುವಾಗ ಕಡ್ಡಾಯವಾಗಿದ್ದ ಕೆಲಸ ಕಲಿಸತೊಡಗಿದ ಮೇಲೆ ಹೇಗೆ ಅನಗತ್ಯವಾಯಿತೋ ತಿಳಿಯದು. ಒಬ್ಬರ ಪಾಠವನ್ನು ಇನ್ನೊಬ್ಬರು ಕುಳಿತು ನೋಡೋಣವೇ ಎಂದು ಗಣಿತದ ಮಾಸ್ತರರನ್ನು ಕೇಳಿಕೊಂಡೆ. ಮೊದಲು ಅವರಿಗೆ ಅನುಮಾನವಿತ್ತು, ಮುಖ್ಯೋಪಾಧ್ಯಾಯರು ತನಿಖೆಗೆ ಕಳಿಸಿದ್ದಾರೋ ಎಂದು. ಈಗ ಗುರುವಾರ ನಾಲ್ಕನೆಯ ಅವಧಿಗೆ ಅವರು ನನ್ನ ತರಗತಿಗೆ ಬರುತ್ತಾರೆ, ಶುಕ್ರವಾರ ನಾನು ಅವರದಕ್ಕೆ ಹೋಗುತ್ತೇನೆ. ನಮೂನೆ ಏನೂ ಇಲ್ಲ. ಹಿಂದಿನ ಬೆಂಚಿನ ಮಕ್ಕಳು ಅಂದು ಏನೆಂದರು ಎಂಬುದನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಬದಲಾಯಿಸಿಕೊಳ್ಳುತ್ತೇವೆ.